ತೊಬೀತನ ಪುಸ್ತಕ ನಮ್ಮತ್ತೆ ಬೈಬಲ್ಲಲ್ಲಿ ಯಾಕಿಲ್ಲ? ತೆಗೆದಿದ್ದು ಯಾರು, ಸೇರಿಸಿದ್ದು ಯಾರು?

ಚಿಕ್ಮಗ್ಳೂರ್ ಮಗಳು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬೈಬಲ್ ಚರಿತ್ರೆ ಓದ್ಕೊಂಡಿರೋರು ಇದೀರಾ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ.

ನಾನು ಹುಟ್ಟಿ ಬೆಳೆದಿದ್ದು ಚಿಕ್ಕಮಗಳೂರಲ್ಲಿ, ಕ್ಯಾಥೊಲಿಕ್ ಮನೆ. ಮದುವೆಯಾಗಿ ಬಂದಿದ್ದು ಹಾಸನಕ್ಕೆ, ಇವರ ಮನೇಲಿ ಎಲ್ಲಾರೂ ಪ್ರೊಟೆಸ್ಟೆಂಟರು, ಸಿಎಸ್‌ಐ. ಮದುವೆ ನಮ್ಮ ಕಡೆ ಚರ್ಚಲ್ಲೇ ಆಯ್ತು. ಮೊದಲನೇ ವಾಚನ ತೊಬೀತನ ಗ್ರಂಥದ್ದು, ಮದುವೆ ರಾತ್ರಿ ಗಂಡ ಹೆಂಡ್ತಿ ಇಬ್ಬರೂ ಎದ್ದು ನಿಂತು ಪ್ರಾರ್ಥನೆ ಮಾಡ್ತಾರಲ್ಲ ಆ ಭಾಗ. ನಮ್ಮತ್ತೆಗೆ ಯಾರು ವಚನ ಓದಿದ್ರೂ ತಮ್ಮ ಸತ್ಯವೇದ ತೆಗೆದು ಬೆರಳಿಟ್ಟು ಜೊತೇಲೇ ಓದೋ ಅಭ್ಯಾಸ. ಅವತ್ತು ಮುಂದಿನ ಬೆಂಚಲ್ಲಿ ಕೂತು ಹಾಳೆ ತಿರುವ್ತಾನೇ ಇದ್ರು, ಹಿಂದೆ ಹೋದ್ರು, ಮುಂದೆ ಬಂದ್ರು, ಮೊದಲ ಪುಟದಲ್ಲಿರೋ ಪಟ್ಟಿ ಮೇಲೆ ಬೆರಳಾಡಿಸಿದ್ರು, ಅಷ್ಟೊತ್ತಿಗೆ ವಾಚನ ಮುಗಿದೇಹೋಯ್ತು. ಆಮೇಲೆ ಊಟದ ಹೊತ್ತಲ್ಲಿ ಮೆಲ್ಲಗೆ ಕೇಳಿದ್ರು, "ಅದು ಯಾವ ಪುಸ್ತಕನಮ್ಮ, ನನ್ನದರಲ್ಲಿ ಇಲ್ಲವಲ್ಲ" ಅಂತ. ನನಗೆ ಆಗ ಉತ್ತರ ಗೊತ್ತಿರ್ಲಿಲ್ಲ.

ಈಗ ವಿಷಯ ಗಂಭೀರ ಆಗಿದೆ. ಮಾವನವರು ತೀರಿಕೊಂಡು ಬರೋ ತಿಂಗಳಿಗೆ ಒಂದು ವರ್ಷ. ನಮ್ಮ ಕಡೆ ಪದ್ಧತಿ ಪ್ರಕಾರ ಚರ್ಚಲ್ಲಿ ಅವರಿಗೋಸ್ಕರ ಒಂದು ಬಲಿಪೂಜೆ ಇಡಿಸೋಣ ಅಂತ ನನಗೆ ಆಸೆ. ಮೈದುನ ಫೋನಲ್ಲೇ ಖಡಾಖಂಡಿತ ಬೇಡ ಅಂದ. ಸತ್ತವರಿಗೋಸ್ಕರ ಪ್ರಾರ್ಥನೆ ಅನ್ನೋದು ದೇವರ ವಾಕ್ಯದಲ್ಲೇ ಇಲ್ಲ ಅತ್ತಿಗೆ, ಇರೋದು ಮಕ್ಕಬಿಯರ ಪುಸ್ತಕದಲ್ಲಿ, ಅದನ್ನ ಕ್ಯಾಥೊಲಿಕರು 1546ರಲ್ಲಿ, ಪ್ರೊಟೆಸ್ಟೆಂಟ್ ಪಂಥ ಶುರುಮಾಡಿದ ಲೂಥರ್‌ಗೆ ಉತ್ತರ ಕೊಡೋಕೆ ಅಂತಲೇ ಸೇರಿಸಿದ್ದು ಅಂದ. ನಮ್ಮ ಅಪ್ಪನಿಗೆ ಹೇಳಿದ್ರೆ ಅವರದ್ದು ಪೂರ್ತಿ ಉಲ್ಟಾ, ಲೂಥರ್ ಬರೋ ತನಕ ಎಲ್ಲರ ಹತ್ರಾನೂ 73 ಪುಸ್ತಕ ಇತ್ತು, ಅವನು ತನಗೆ ಬೇಡವಾದ ಏಳನ್ನ ಕಿತ್ತು ಬಿಸಾಕಿ 66 ಮಾಡಿದ ಅಂತಾರೆ. ಇಬ್ಬರೂ ಸುಳ್ಳು ಹೇಳೋರಲ್ಲ. ಯಾವುದು ನಿಜ? ದಯವಿಟ್ಟು ಜಗಳ ಮಾಡ್ದೆ ಹೇಳಿ.

ಹಿನ್ನೀರಿನ ಊರವ:

ತಂಗಿ, ನಾನೂ ಕ್ಯಾಥೊಲಿಕ್ಕೇ, ನಮ್ಮ ಹಿರಿಯರದ್ದು ಶೆಟ್ಟಿಹಳ್ಳಿ ಕಡೆ, ಗೊರೂರು ಡ್ಯಾಮ್ ಬಂದಾಗ ಮುಳುಗಡೆ ಆಗಿ ಎದ್ದು ಬಂದೋರು. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡ್ತಿದ್ದೆ ಬಹಳ ವರ್ಷ.

ಮೊದಲು ನಿಮ್ಮ ಮೈದುನನ ಮಾತು ತಗೊಳ್ಳೋಣ. 1546 ಏಪ್ರಿಲ್ 8ಕ್ಕೆ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಬೈಬಲ್ ಪುಸ್ತಕಗಳ ಪಟ್ಟಿ ಹೊರಡಿಸಿದ್ದು ನಿಜ. ಆದ್ರೆ ಅದೇ ಪಟ್ಟಿ ಅದಕ್ಕಿಂತ ನೂರು ವರ್ಷ ಮುಂಚೆ, 1442ರಲ್ಲಿ, ಫ್ಲಾರೆನ್ಸ್ ಮಹಾಸಭೆಯಲ್ಲೂ ಬಂದಿದೆ, ಆಗ ಲೂಥರ್ ಹುಟ್ಟೇ ಇರ್ಲಿಲ್ಲ. ಇನ್ನೂ ಹಿಂದಕ್ಕೆ ಹೋದ್ರೆ ಉತ್ತರ ಆಫ್ರಿಕಾದಲ್ಲಿ 393ರ ಹಿಪ್ಪೋ ಸಭೆ, 397ರ ಕಾರ್ಥೇಜ್ ಸಭೆ, ಅಲ್ಲಿ ತೊಬೀತ, ಯೂದಿತ, ಮಕ್ಕಬಿಯರ ಎರಡು ಗ್ರಂಥ ಎಲ್ಲಾ ಹೆಸರು ಹಿಡಿದು ಬರೆದಿದ್ದಾರೆ. ಸಂತ ಅಗಸ್ಟೀನರು ಅದೇ ಸೀಮೆಯ ಧರ್ಮಾಧ್ಯಕ್ಷರು, ಅವರದ್ದೂ ಅದೇ ಪಟ್ಟಿ. ಇದೆಲ್ಲಾ ಎಲ್ಲಿಂದ ಬಂತು ಅಂದ್ರೆ ಸೆಪ್ಟುವಜಿಂಟ್ ಅಂತ ಒಂದಿದೆ, ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಯೆಹೂದ್ಯರೇ ಹೀಬ್ರೂನಿಂದ ಗ್ರೀಕಿಗೆ ಮಾಡ್ಕೊಂಡು ಬಂದ ತರ್ಜುಮೆ, ಹೊಸ ಒಡಂಬಡಿಕೆ ಬರೆದೋರು ಹಳೇದನ್ನ ಎತ್ತಿ ಹೇಳುವಾಗ ಹೆಚ್ಚಿನ ಕಡೆ ಅದನ್ನೇ ಬಳಸಿದ್ದು. ಮೊದಲ ಕ್ರೈಸ್ತರ ಕೈಲಿ ಇದ್ದಿದ್ದು ಆ ಗ್ರೀಕ್ ಸುರುಳಿಗಳು, ಈ ಪುಸ್ತಕಗಳೂ ಅವುಗಳ ಜೊತೇಲೇ ಓಡಾಡ್ತಿದ್ವು.

ಇನ್ನು ಮಕ್ಕಬಿಯರದ್ದು. ಎರಡನೇ ಗ್ರಂಥದ 12ನೇ ಅಧ್ಯಾಯ ಓದಿ. ಯುದ್ಧದಲ್ಲಿ ಸತ್ತ ಸೈನಿಕರ ಹೆಣ ಎತ್ತೋಕೆ ಹೋದಾಗ ಅಂಗಿ ಒಳಗೆ ಅನ್ಯದೇವರ ತಾಯಿತ ಸಿಗ್ತವೆ. ಯೂದ ಮಕ್ಕಬಿ ಅವರನ್ನ ಅಲ್ಲೇ ಬಿಟ್ಟು ಹೋಗಲ್ಲ, ಎಲ್ಲರ ಹತ್ರ ಎರಡು ಸಾವಿರ ದ್ರಾಕ್ಮ ಬೆಳ್ಳಿ ಒಟ್ಟುಮಾಡಿ ಅವರ ಪಾಪಕ್ಕೋಸ್ಕರ ಬಲಿ ಅರ್ಪಿಸಿ ಅಂತ ಜೆರುಸಲೇಮಿಗೆ ಕಳಿಸ್ತಾನೆ. ನಮ್ಮಜ್ಜಿ ನವೆಂಬರ್ 2ಕ್ಕೆ, ಸತ್ತವರನ್ನ ನೆನೆಯೋ ದಿನ, ಹೊಸ ಊರಿನ ಸಮಾಧಿಗಳ ಹತ್ರ ಮೊಂಬತ್ತಿ ಹಚ್ಚಿದ ಮೇಲೆ ಒಂದನ್ನ ಕೈಲಿ ಉಳಿಸ್ಕೊಂಡು ಹಿನ್ನೀರಿನ ಕಡೆ ಮುಖ ಮಾಡಿ ನಿಲ್ಲೋರು, ಅವರ ಅಪ್ಪ ಅಮ್ಮನ ಸಮಾಧಿ ಆ ಕಡೆ ಉಳೀತಲ್ಲ ಅದಕ್ಕೆ. ನಾನು ಆ ಅಧ್ಯಾಯ ಓದುವಾಗೆಲ್ಲ ಆ ಬತ್ತಿ ಕಣ್ಮುಂದೆ ಬರುತ್ತೆ. ಪೂಜೆ ಇಡಿಸಿ ತಂಗಿ, ಹಿಂಜರಿಯಬೇಡಿ.

ನಿವೃತ್ತ ಮೇಷ್ಟ್ರು, ಹಾಸನ:

ಮೇಲಿನವರು ಹೇಳಿದ ತಾರೀಕು ಎಲ್ಲಾ ಸರಿ ಇದೆ, ನಾನು ಅಲ್ಲಗಳೆಯಲ್ಲ. ನಾನು ಸಿಎಸ್‌ಐ ಸಭೆಯವನು. ಟ್ರೆಂಟ್‌ನಲ್ಲಿ ಸೇರಿಸಿದ್ರು ಅನ್ನೋ ಮಾತನ್ನ ನಮ್ಮೋರು ಬಿಡಬೇಕು, ಅದು ತಪ್ಪು, ನಾನೂ ಚಿಕ್ಕವನಿದ್ದಾಗ ಹಾಗೇ ಹೇಳ್ತಿದ್ದೆ. ಆದ್ರೆ ಅರ್ಧ ಕಥೆ ಬಾಕಿ ಇದೆ ನೋಡಿ, ಅದನ್ನೂ ಕೇಳಮ್ಮ.

ಹಿಪ್ಪೋ, ಕಾರ್ಥೇಜ್ ಎರಡೂ ಒಂದು ಸೀಮೆಯ ಸಭೆಗಳು, ಇಡೀ ಲೋಕದ ಧರ್ಮಸಭೆ ಕೂತು ಮಾಡಿದ್ದಲ್ಲ. ಅದೇ ಕಾಲದಲ್ಲಿ ಬೇತ್ಲೆಹೇಮಿನಲ್ಲಿ ಕೂತಿದ್ದ ಜೆರೋಮ್ ಏನು ಹೇಳಿದ್ರು? ಅವರು ನಮ್ಮೋರಲ್ಲ, ಕ್ಯಾಥೊಲಿಕರೇ ಸಂತ ಅಂತ ಕರೆಯೋರು, ಲ್ಯಾಟಿನ್ ಬೈಬಲ್ ಮಾಡಿಕೊಟ್ಟೋರು. ಹೀಬ್ರೂನಲ್ಲಿ ಯಾವುದು ಇದೆಯೋ ಅದೇ ಮೂಲ, ಉಳಿದಿದ್ದು ಅಪೊಕ್ರಿಫಾ, ಸಭೆಯ ಜನರ ಭಕ್ತಿ ಬೆಳೆಯೋಕೆ ಓದಬಹುದು, ಸಿದ್ಧಾಂತ ಸ್ಥಾಪಿಸೋಕೆ ಆಗಲ್ಲ ಅಂತ ಅವರೇ ಮುನ್ನುಡಿಗಳಲ್ಲಿ ಬರೆದಿಟ್ಟಿದ್ದಾರೆ. ತೊಬೀತನ ಪುಸ್ತಕವನ್ನ ಇಬ್ಬರು ಬಿಷಪ್ಪರು ಕೇಳ್ಕೊಂಡ್ರು ಅಂತ ಒಂದೇ ದಿನದಲ್ಲಿ ತರ್ಜುಮೆ ಮಾಡಿದ್ದು, ಅರಾಮಿಕ್ ಬಲ್ಲವನೊಬ್ಬ ಹೀಬ್ರೂನಲ್ಲಿ ಹೇಳ್ತಾ ಹೋದ, ಇವರು ಲ್ಯಾಟಿನ್‌ನಲ್ಲಿ ಬರೆಸ್ತಾ ಹೋದ್ರು. ಅಗಸ್ಟೀನರಿಗೂ ಇವರಿಗೂ ಈ ವಿಷಯಕ್ಕೆ ಕಾಗದದಲ್ಲೇ ತಿಕ್ಕಾಟ. ಯೋನನ ಕಥೇಲಿ ನೆರಳು ಕೊಟ್ಟ ಗಿಡ ಬರುತ್ತಲ್ಲ, ಜನ ತಲೆಮಾರಿನಿಂದ ಸೋರೆ ಬಳ್ಳಿ ಅಂತ ಕೇಳಿಕೊಂಡು ಬಂದಿದ್ರು, ಜೆರೋಮ್ ಅದನ್ನ ಐವಿ ಅನ್ನೋ ಬೇರೆ ಬಳ್ಳಿ ಮಾಡಿದ್ರು. ಆಫ್ರಿಕಾದ ಒಂದು ಊರಲ್ಲಿ ಬಿಷಪ್ಪರು ಹೊಸ ತರ್ಜುಮೆ ಓದಿದ ಕೂಡ್ಲೇ ಜನ ಎದ್ದು ಗಲಾಟೆ ಮಾಡಿ, ಬಿಷಪ್ಪರು ಸಭೇನೇ ಕಳ್ಕೊಳ್ಳೋ ಹಾಗಾಗಿತ್ತು ಅಂತ ಅಗಸ್ಟೀನರೇ ಬರೆದಿದ್ದಾರೆ. ಒಂದು ಬಳ್ಳಿ ಹೆಸರಿಗೆ ಇಷ್ಟಾದ್ರೆ ಏಳು ಪುಸ್ತಕಕ್ಕೆ ಎಷ್ಟಾಗಬೇಡ.

ಜೆರೋಮರ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮಹಾ ಗ್ರೆಗೊರಿ ಪೋಪರೇ ಮಕ್ಕಬಿಯರ ಒಂದು ಮಾತು ಉದಾಹರಿಸುವಾಗ ಇದು ಕ್ಯಾನನ್ ಪುಸ್ತಕ, ಅಂದ್ರೆ ಅಧಿಕೃತ ಪಟ್ಟಿಯ ಪುಸ್ತಕ, ಅಲ್ಲದಿದ್ದರೂ ಭಕ್ತಿವೃದ್ಧಿಗೆ ಬಂದದ್ದು ಅಂತ ಸೇರಿಸಿದ್ದಾರೆ. ಲೂಥರ್‌ನ ವಿಚಾರಣೆ ಮಾಡೋಕೆ ಬಂದ ಕಾರ್ಡಿನಲ್ ಕಜೆಟಾನ್ ಕೂಡ ಜೆರೋಮ್ ಪಕ್ಷ. ಅಂದ್ರೆ ಸಾವಿರ ವರ್ಷ ಈ ಎರಡು ದನಿ ಒಂದೇ ಸಭೆಯೊಳಗೆ ಇದ್ವು, ಲೂಥರ್ ಅದರಲ್ಲಿ ಒಂದನ್ನ ಹಿಡಿದರು. ಹಿಡಿದದ್ದು 1519ರ ಲೈಪ್ಜಿಗ್ ವಾದದಲ್ಲಿ, ಕ್ಯಾಥೊಲಿಕ್ ಪಕ್ಷದ ಯೋಹಾನ್ ಎಕ್, ಸತ್ತವರ ಆತ್ಮ ಶುದ್ಧಿಯಾಗೋ ಶುದ್ಧೀಕರಣ ಸ್ಥಳಕ್ಕೆ ಮಕ್ಕಬಿಯರ ಆಧಾರ ಕೊಟ್ಟಾಗ. ಕಿತ್ತು ಬಿಸಾಕಿದ್ರು ಅನ್ನೋದಂತೂ ಪೂರ್ತಿ ತಪ್ಪು, 1534ರ ಅವರ ಜರ್ಮನ್ ಬೈಬಲ್ಲಿನಲ್ಲಿ ಆ ಪುಸ್ತಕಗಳೆಲ್ಲಾ ಇವೆ, ಎರಡು ಒಡಂಬಡಿಕೆಗಳ ನಡುವೆ ಬೇರೆ ಭಾಗ ಮಾಡಿ, ಇವು ಪವಿತ್ರ ಗ್ರಂಥಕ್ಕೆ ಸಮ ಅಲ್ಲ ಆದ್ರೆ ಓದೋಕೆ ಉಪಯುಕ್ತ, ಒಳ್ಳೇವು ಅಂತ ತಲೆಬರಹ ಕೊಟ್ಟು ಅಚ್ಚು ಹಾಕಿಸಿದ್ರು. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ಇದ್ದವು.

ಹಾಗಾದ್ರೆ ನಿಮ್ಮತ್ತೆಯವರ ಸತ್ಯವೇದದಲ್ಲಿ ಯಾಕಿಲ್ಲ? ಇದನ್ನ ಯಾರೂ ಹೇಳಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಲಂಡನ್ನಿನ ಬೈಬಲ್ ಸೊಸೈಟಿ, ಲೋಕದ ಭಾಷೆಗಳಿಗೆಲ್ಲ ಬೈಬಲ್ ಅಚ್ಚಿಗೆ ದುಡ್ಡು ಕೊಡ್ತಿದ್ದ ಸಂಸ್ಥೆ, ಒಳಗೆ ಭಾರೀ ವಾಗ್ವಾದ ಆಗಿ 1826ರಲ್ಲಿ ಅಪೊಕ್ರಿಫಾ ಸೇರಿದ ಪ್ರತಿಗಳಿಗೆ ಇನ್ನು ಹಣ ಇಲ್ಲ ಅಂತ ತೀರ್ಮಾನ ಮಾಡ್ತು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮಾಡಿದ ಕನ್ನಡ ಬೈಬಲ್ ಪೂರ್ತಿಯಾಗಿದ್ದು 1831ರ ಹೊತ್ತಿಗೆ. ಲೆಕ್ಕ ಹಾಕಿ. ಜರ್ಮನಿಯವರು, ಇಂಗ್ಲೆಂಡಿನವರು ಮುನ್ನೂರು ವರ್ಷ ಈ ಪುಸ್ತಕಗಳನ್ನ ಪಕ್ಕಕ್ಕಿಟ್ಟುಕೊಂಡಾದರೂ ಓದಿದರು, ಕನ್ನಡದ ನಮ್ಮ ಸಭೆಗಳ ಕೈಗೆ ಅವು ಬರಲೇ ಇಲ್ಲ. ನಮಗೆ ಸತ್ಯವೇದ ಅಂದ್ರೆ ಮೊದಲಿನಿಂದ 66. ಅದಕ್ಕೇ ನಮ್ಮ ಹಿರಿಯರಿಗೆ ತೊಬೀತ ಅನ್ನೋ ಹೆಸರೇ ಹೊಸದು.

ಸತ್ತವರ ವಿಷಯಕ್ಕೆ ನನ್ನ ನಂಬಿಕೆ ನಿಮ್ಮ ಮೈದುನನದ್ದೇ. ನಮ್ಮವರು ಕರ್ತನ ಕೈಲಿ ಇದ್ದಾರೆ, ನಾವು ಮಾಡೋದು ಕೃತಜ್ಞತೆಯ ಕೂಟ.

ಕಾಫಿ ಕಣ:

ಮೇಷ್ಟ್ರೇ 1826ರದ್ದು ನಂಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ನಾನು ಮೂಡಿಗೆರೆ ಕಡೆಯವನು, ಪ್ರೊಟೆಸ್ಟೆಂಟ್, ಕ್ಯೂರಿಂಗ್ ವರ್ಕ್ಸಲ್ಲಿ ಕೆಲಸ.

ಎರಡೂ ಕಡೆಯವರೂ ಒಂದು ಪಟ್ಟಿ ಮೊದಲಿಂದ್ಲೂ ಗಟ್ಟಿಯಾಗಿತ್ತು ಅಂದ್ಕೊಂಡು ಮಾತಾಡ್ತೀವಿ, ಅದೇ ತೊಂದ್ರೆ. 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಈಸ್ಟರ್ ಪತ್ರ ಬರೀತಾರೆ, ಹೊಸ ಒಡಂಬಡಿಕೆಯ 27 ಪುಸ್ತಕ ಇವತ್ತು ನಮ್ಮಿಬ್ಬರ ಹತ್ರಾನೂ ಇರೋ ಹಾಗೆ ಸರಿಯಾಗಿ ಅಷ್ಟೇ ಸಿಗೋ ಮೊದಲ ಪಟ್ಟಿ ಅದು. ನಮ್ಮೋರು ಅದನ್ನ ಖುಷಿಯಿಂದ ತೋರಿಸ್ತಾರೆ. ಅದೇ ಪತ್ರದಲ್ಲಿ ಹಳೆ ಒಡಂಬಡಿಕೆ ನೋಡಿ, ಎಸ್ತೇರಳು ಪಟ್ಟಿಯಿಂದ ಆಚೆ, ಬಾರೂಕ ಒಳಗೆ! ಈ ಕಡೆಗೂ ಸೇರಲ್ಲ ಆ ಕಡೆಗೂ ಸೇರಲ್ಲ. ಹೊಸ ಒಡಂಬಡಿಕೆಯೂ ಸುಲಭಕ್ಕೆ ಆಗಿದ್ದಲ್ಲ, ಸಿರಿಯಾಕ್ ಸಭೆಯ ಪೆಶಿತ್ತಾ ಅನ್ನೋ ಬೈಬಲ್ಲಲ್ಲಿ ಎರಡನೇ ಪೇತ್ರ, ಎರಡನೇ ಮೂರನೇ ಯೋಹಾನ, ಯೂದ, ಪ್ರಕಟನೆ ಇರ್ಲಿಲ್ಲ, 22 ಪುಸ್ತಕ ಅಷ್ಟೇ. ಇಥಿಯೋಪಿಯಾದವರು ಇವತ್ತಿಗೂ 81 ಅಂತಾರೆ.

ತೊಬೀತ ಗ್ರೀಕ್‌ನಲ್ಲಿ ಮಾತ್ರ ಇರೋದು ಅದಕ್ಕೇ ಬೇಡ ಅಂತ ಸಂಡೇ ಸ್ಕೂಲಲ್ಲಿ ನಂಗೆ ಹೇಳಿಕೊಟ್ಟಿದ್ರು. ಸತ್ತ ಸಮುದ್ರದ ಹತ್ರದ ಕುಮ್ರಾನ್ ಗುಹೇಲಿ ಸಿಕ್ಕ ಹಳೇ ಯೆಹೂದ್ಯ ಸುರುಳಿಗಳ ಜೊತೆ ತೊಬೀತ ಸಿಕ್ಕಿದೆ, ನಾಲ್ಕು ಪ್ರತಿ ಅರಾಮಿಕ್, ಒಂದು ಹೀಬ್ರೂ, ಚೂರು ಚೂರಾಗಿ. ಆ ವಾದ ಇನ್ನು ನಡೆಯಲ್ಲ. ಆದ್ರೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ಕ್ಯಾನನ್ ಆಗಲ್ಲ ಬಿಡಿ, ನಮ್ಮಿಬ್ಬರ ಬೈಬಲ್ಲಲ್ಲೂ ಇಲ್ಲದ ಹನೋಕನ ಪುಸ್ತಕಾನೂ ಅಲ್ಲಿ ಬೇಕಾದಷ್ಟು ಸಿಕ್ಕಿದೆ.

ನಿಜವಾದ ಜಗಳ ಪಟ್ಟಿದಲ್ಲ, ಪಟ್ಟಿ ಮಾಡೋ ಅಧಿಕಾರದ್ದು ಅನ್ಸುತ್ತೆ ನಂಗೆ. ನಮ್ಮಲ್ಲಿ ಕಾಫಿ ಲಾಟ್ ಬಂದಾಗ ಕಪ್ ಟೇಸ್ಟ್ ಮಾಡ್ತಾರೆ, ಹತ್ತು ಲೋಟ ಸಾಲಾಗಿಟ್ಟು ಸ್ಪೂನಲ್ಲಿ ಸುರ್ ಅಂತ ಎಳ್ಕೊಂಡು ಉಗಿದು ಮುಂದಿನದಕ್ಕೆ ಹೋಗ್ತಾರೆ, ಇದರಲ್ಲಿ ಹುಳಿ ಜಾಸ್ತಿ, ಇದು ಮಣ್ಣು ವಾಸನೆ ಅಂತ ಹೇಳಿಬಿಡ್ತಾರೆ. ಆ ರುಚಿ ಅವರು ಹಾಕಿದ್ದಾ? ಅಲ್ಲ, ಮಣ್ಣು ಮಳೆ ನೆರಳಿಂದ ಬಂದಿದ್ದು, ಅವರು ಗುರುತು ಹಿಡೀತಾರೆ ಅಷ್ಟೇ. ನಮ್ಮ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಹೇಳಿದ್ದು ಅದೇ, ವಾಕ್ಯದ ಅಧಿಕಾರ ದೇವರಿಂದ, ಸಭೆ ಕೊಟ್ಟಿದ್ದಲ್ಲ, ಪವಿತ್ರಾತ್ಮ ಓದುಗನ ಒಳಗೆ ಸಾಕ್ಷಿ ಕೊಡುತ್ತೆ ಅಂತ. ನಾನು ಇದನ್ನ ಕ್ಯಾಥೊಲಿಕ್ ಗೆಳೆಯನಿಗೆ ಗೆದ್ದವನ ಹಾಗೆ ಹೇಳಿದೆ. ಅವನು 1870ರ ಮೊದಲನೇ ವ್ಯಾಟಿಕನ್ ಸಭೆಯ ಮಾತು ತೋರಿಸಿದ, ಅಲ್ಲೂ ಇರೋದು ಅದೇ, ಧರ್ಮಸಭೆ ಒಪ್ಪಿಗೆ ಕೊಟ್ಟಿತು ಅಂತ ಇವು ಪವಿತ್ರ ಆಗಿದ್ದಲ್ಲ, ದೇವರೇ ಇವುಗಳ ಕರ್ತೃ ಆಗಿರೋದ್ರಿಂದ ಅಂತ. ಆಮೇಲೆ ಕೇಳಿದ, "ಸರಿ ಕಣೋ, ಇಬ್ಬರು ಟೇಸ್ಟರ್ ಎರಡು ಗ್ರೇಡ್ ಹೇಳಿದ್ರೆ ಯಾರ ಮಾತು ನಂಬ್ತೀಯ?" ಆ ಪ್ರಶ್ನೆಗೆ ಅವನ ಹತ್ರ ಉತ್ತರ ಇತ್ತು, ಅಪೊಸ್ತಲರಿಂದ ಕೈ ಬದಲಾಗ್ತಾ ಬಂದ ಧರ್ಮಸಭೆ ಅಂತ. ನನ್ನ ಉತ್ತರ, ವಾಕ್ಯವೇ ವಾಕ್ಯವನ್ನ ತೋರಿಸುತ್ತೆ, ಸಭೆಗಳೂ ತಪ್ಪಿವೆ, ಜೆರೋಮ್ ಅಗಸ್ಟೀನ್ ಇಬ್ಬರಲ್ಲಿ ಒಬ್ಬರಂತೂ ತಪ್ಪಿರಲೇಬೇಕಲ್ಲ ಅಂತ. ಆದ್ರೂ ಅವನ ಪ್ರಶ್ನೆ ಹಗುರ ಅಲ್ಲ, ರಾತ್ರಿ ಎಷ್ಟೋ ಸಲ ಅದನ್ನೇ ಯೋಚಿಸಿದೀನಿ.

ಚಿಕ್ಮಗ್ಳೂರ್ ಮಗಳು:

ಎಲ್ಲರಿಗೂ ಥ್ಯಾಂಕ್ಸ್, ಕಣ್ಣಲ್ಲಿ ನೀರು ಬಂತು ಕೆಲವು ಓದಿ. ಮೇಷ್ಟ್ರ ಉತ್ತರ ಅತ್ತೆಗೆ ಓದಿ ಹೇಳಿದೆ. ಹಾಗಾದ್ರೆ ಮದುವೆ ದಿನ ಇಬ್ಬರದ್ದೂ ತಪ್ಪಿರ್ಲಿಲ್ಲ ಅಂದ್ರು. ಒಂದು ಕೇಳ್ಬೇಕು, ಸತ್ತವರಿಗೆ ಪ್ರಾರ್ಥನೆ ಅನ್ನೋದು ಆ ಒಂದು ಅಧ್ಯಾಯದ ಮೇಲೇ ನಿಂತಿದೆಯಾ? ಪುಸ್ತಕ ಬಿದ್ರೆ ಅದೂ ಬೀಳುತ್ತಾ?

ಹಿನ್ನೀರಿನ ಊರವ:

ಇಲ್ಲ ತಂಗಿ. ಅಗಸ್ಟೀನರ ತಾಯಿ ಮೋನಿಕಮ್ಮ 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಸಾಯುವಾಗ, ಊರಿಗೆ ತಗೊಂಡು ಹೋಗಿ ಮಣ್ಣು ಮಾಡಿ ಅಂತ ಕೇಳಲಿಲ್ಲ, ನನ್ನ ದೇಹ ಎಲ್ಲಾದರೂ ಇಡಿ, ನೀವು ಎಲ್ಲಿದ್ದರೂ ಕರ್ತನ ಪೀಠದ ಹತ್ರ ನನ್ನ ನೆನೆಸಿಕೊಳ್ಳಿ ಅಂದ್ರು. ಅದು ಹಿಪ್ಪೋ ಪಟ್ಟಿಗಿಂತ ಮುಂಚೆ. ಆ ತಾಯಿ ಪಟ್ಟಿ ನೋಡಿ ಕೇಳಿದ್ದಲ್ಲ. ಜನ ಪ್ರಾರ್ಥನೆ ಮಾಡ್ತಾ ಬಂದ್ರು, ಪೀಠದ ಹತ್ರ ಯಾವ ಪುಸ್ತಕ ಓದ್ತಿದ್ರೋ ಅದನ್ನ ಉಳಿಸ್ಕೊಂಡ್ರು, ನಾವು ಸಂಪ್ರದಾಯ ಅನ್ನೋದು ಅದನ್ನೇ. ಮೇಷ್ಟ್ರಿಗೆ ಇದು ಒಪ್ಪಿಗೆ ಆಗಲ್ಲ ಅಂತ ಗೊತ್ತು.

ನಿವೃತ್ತ ಮೇಷ್ಟ್ರು, ಹಾಸನ:

ಒಪ್ಪಿಗೆ ಆಗಲ್ಲ. ಹಳೇ ಪದ್ಧತಿ ಅಂದಕೂಡಲೇ ಸರಿ ಅಂತ ಆಗೋದಾದ್ರೆ ವಾಕ್ಯದಿಂದ ಪದ್ಧತಿಯನ್ನ ತಿದ್ದೋದು ಹೇಗೆ, ಲೂಥರ್ ಎತ್ತಿದ್ದೂ ಇದೇ ಮಾತು. ಆದ್ರೆ ಮೋನಿಕಮ್ಮನ ಮಾತು ನನಗೂ ಪ್ರೀತಿ, ನಮ್ಮ ಮನೆಯವರು ತೀರಿಕೊಂಡ ವರ್ಷ ಅದನ್ನ ಎಷ್ಟೋ ಸಲ ಓದಿದೀನಿ.

ಬೆಳಗೊಳದವಳು:

ನಾನು ಕ್ರೈಸ್ತಳಲ್ಲ, ಜೈನರ ಮನೆಯವಳು, ಶ್ರವಣಬೆಳಗೊಳ. ಓದ್ತಾ ಓದ್ತಾ ನಮ್ಮನೆ ಮಾತೇ ಅನ್ನಿಸ್ತು ಅದಕ್ಕೆ ಬರೀತಿದೀನಿ. ನಮ್ಮಲ್ಲಿ ಹಿರಿಯರು ಹೇಳೋ ಪ್ರಕಾರ ಉತ್ತರದಲ್ಲಿ ಹನ್ನೆರಡು ವರ್ಷ ಬರಗಾಲ ಬಂದಾಗ ಭದ್ರಬಾಹು ಸ್ವಾಮಿಗಳು ಶಿಷ್ಯರನ್ನ ಕರ್ಕೊಂಡು ನಮ್ಮ ಚಂದ್ರಗಿರಿಗೆ ಬಂದ್ರು, ಉತ್ತರದಲ್ಲೇ ಉಳಿದವರು ಪಾಟಲಿಪುತ್ರದಲ್ಲಿ ಕೂತು ನೆನಪಿದ್ದಷ್ಟು ಅಂಗಗಳನ್ನ, ಅಂದ್ರೆ ಮೂಲ ಶಾಸ್ತ್ರಗಳನ್ನ, ಒಟ್ಟು ಮಾಡಿದ್ರು. ಶ್ವೇತಾಂಬರರು ಆ ಪರಂಪರೆಯ ಆಗಮಗಳನ್ನ ವಲಭಿಯಲ್ಲಿ ಬರಹಕ್ಕೆ ಇಳಿಸಿ ಇವತ್ತಿಗೂ ಪೂಜಿಸ್ತಾರೆ. ನಾವು ದಿಗಂಬರರು ಮೂಲ ಅಂಗಗಳು ಲುಪ್ತ ಆದ್ವು ಅಂತೀವಿ, ನಮಗೆ ಧರಸೇನಾಚಾರ್ಯರಿಂದ ಬಂದ ಷಟ್ಖಂಡಾಗಮ ಪ್ರಮಾಣ, ಅದರ ತಾಳೆಗರಿ ಉಳಿದಿದ್ದು ಮೂಡುಬಿದಿರೆಯಲ್ಲಿ, ಅದೂ ಹಳಗನ್ನಡ ಲಿಪಿಯಲ್ಲಿ. ಗುಜರಾತಿನಿಂದ ಯಾತ್ರೆಗೆ ಬಂದ ಶ್ವೇತಾಂಬರ ಅಜ್ಜಿಯೊಬ್ಬರು ನಮ್ಮ ಮನೆ ಜಗಲಿ ಮೇಲೆ ಕೂತು ತಮ್ಮ ಪುಸ್ತಕ ತೆಗೆದು ಓದಿದ್ರು, ನಮ್ಮಮ್ಮ ಪಕ್ಕದಲ್ಲೇ ತಮ್ಮದು ಓದ್ತಾ ಕೂತಿದ್ರು, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರ್ತಿರ್ಲಿಲ್ಲ. ಣಮೋಕಾರ ಮಂತ್ರ ಮಾತ್ರ ಒಟ್ಟಿಗೆ ಹೇಳಿದ್ರು.

ಚಿಕ್ಮಗ್ಳೂರ್ ಮಗಳು:

ಬೆಳಗೊಳದ ಅಕ್ಕ, ಇದನ್ನ ನಾನು ಎಂದೂ ಕೇಳಿರ್ಲಿಲ್ಲ.

ಇಲ್ಲಿ ಆಗಿದ್ದು ಹೇಳ್ತೀನಿ. ಮೊನ್ನೆ ಚಿಕ್ಕಮಗಳೂರಿಗೆ ಹೋದಾಗ ನನ್ನ ಕ್ಯಾಥೊಲಿಕ್ ಬೈಬಲ್ ತಂದು ಅತ್ತೆಗೆ ತೊಬೀತ ತೆಗೆದುಕೊಟ್ಟೆ. ಸಂಜೆ ಕನ್ನಡಕ ಹಾಕ್ಕೊಂಡು ಅದೇ ಬೆರಳಿಟ್ಟು ಓದೋಕೆ ಕೂತೋರು ಏಳಲೇ ಇಲ್ಲ, ಹಾಲು ಕಾಯಿಸೋದೂ ನಾನೇ ಮಾಡಿದೆ. ದೂರದೂರಿಗೆ ಹೋದ ಮಗ ಬರ್ತಾನಾ ಅಂತ ಆ ತಾಯಿ ದಿನಾ ದಾರಿ ನೋಡ್ತಾ ಕೂತಿರ್ತಾಳಲ್ಲ, ಆ ಜಾಗದಲ್ಲಿ ನಿಲ್ಲಿಸಿ ಮೈದುನನಿಗೆ ಫೋನ್ ಮಾಡು ಅಂದ್ರು, ಅವನು ಕುವೈತಲ್ಲಿರೋದು. ನಮ್ಮ ಯಜಮಾನ್ರು ಅವನ ಹತ್ರ ಮಾತಾಡಿದ್ರು, ಅಮ್ಮ ಇಷ್ಟಪಟ್ಟರೆ ನಾನು ಅಡ್ಡ ಬರಲ್ಲ, ಆದ್ರೆ ಮನೇಲಿ ಪಾಸ್ಟರನ್ನ ಕರೆದು ಕೂಟಾನೂ ಆಗ್ಬೇಕು ಅಂದಿದಾನೆ. ಅದಕ್ಕೆ ನಾನು ಮನಸಾರೆ ಒಪ್ಪಿದೆ. ಬೆಳಗ್ಗೆ ಪೂಜೆ, ಸಂಜೆ ಕೂಟ.

ಅತ್ತೆ ಈ ಪುಸ್ತಕ ನನಗೆ ದೇವರ ವಾಕ್ಯ ಅಲ್ಲ ಅಂತ ಇವತ್ತೂ ಹೇಳಿದ್ರು, ನಾನು ಹೌದು ಅಂದೆ, ಅಷ್ಟಕ್ಕೇ ಬಿಟ್ಟೆವು. ರಾತ್ರಿ ಮಲಗೋ ಮುಂಚೆ ಕೇಳಿದ್ರು, ಪೂಜೇಲಿ ಅವತ್ತು ಯಾವ ವಾಚನ ಓದ್ತಾರೆ, ಮೊದಲೇ ಹೇಳಿದ್ರೆ ಪುಟಕ್ಕೆ ದಾರ ಇಟ್ಟುಕೋತೀನಿ ಅಂತ. ಗುರುಗಳನ್ನ ಕೇಳಿ ಹೇಳ್ತೀನಿ ಅಂದಿದೀನಿ.